ಹಳ್ಳಕ್ಕೆ ಕಟ್ಟಿದ ಐದು ತೋಳು

ಬೀದರ್‌ನಲ್ಲಿ ನನ್ನದು ಪಂಪ್ ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ನೀರು ಕೆಳಗೆ ಹೋದಷ್ಟೂ ಮೋಟರ್ ಸುಡುತ್ತವೆ. ಮೋಟರ್ ಸುಟ್ಟಷ್ಟೂ ನನಗೆ ಕೆಲಸ. ಇಂಥವನು ಭಾನುವಾರ ಹಾರೆ ಹಿಡಿದು ಹಳ್ಳ ರಿಪೇರಿಗೆ ಹೊರಟರೆ ಓಣಿಯವರು ನಗದೆ ಇರುತ್ತಾರಾ? ನಕ್ಕರು. ಈಗಲೂ ನಗುತ್ತಾರೆ.

ಶುರುವಾಗಿದ್ದು ಎಳ್ಳ ಅಮಾವಾಸ್ಯೆ ದಿನ. ಎರಡು ವರ್ಷದ ಹಿಂದೆ ಗೆಳೆಯನ ಹೊಲಕ್ಕೆ ಊಟಕ್ಕೆ ಹೋಗಿದ್ದೆವು. ಹೊಲ ಬೀದರ್ ಗುಡ್ಡದ ಕೆಳಗೆ, ಮಾಂಜ್ರಾ ನದಿಯ ಕಡೆಗೆ ಇಳಿಯುವ ಅಂಚಿನಲ್ಲಿದೆ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಎಲ್ಲ ಮುಗಿಸಿ ಕೈ ತೊಳೆಯಲು ಹಳ್ಳಕ್ಕೆ ಇಳಿದೆ. ನೀರು ಇತ್ತು. ಆದರೆ ನೆಲದ ಮೇಲೆ ಚೆಲ್ಲಿದ ಚಹಾದ ಹಾಗೆ ಅಗಲಕ್ಕೆ ಹರಡಿಕೊಂಡಿತ್ತು. ಹೆಜ್ಜೆ ಇಟ್ಟರೆ ಪಾದದ ಗಂಟೂ ಮುಳುಗಲಿಲ್ಲ. ತಳದಲ್ಲಿ ಬೆರಳುದ್ದ ಕೆಂಪು ರಾಡಿ. ಗೆಳೆಯ ಹೇಳಿದ, ಅವನು ಸಣ್ಣವನಿದ್ದಾಗ ಇಲ್ಲೇ ಮೀನು ಹಿಡಿಯುತ್ತಿದ್ದನಂತೆ, ಸೊಂಟದ ಮಟ್ಟದ ಮಡು ಇತ್ತಂತೆ.

ಬೀದರ್‌ನ ಝರಿಗಳ ಗುಟ್ಟು ಗೊತ್ತಿರುವವರಿಗೆ ಇದು ಯಾಕೆ ಬೇಜಾರಿನ ಮಾತು ಅಂತ ತಿಳಿಯುತ್ತದೆ. ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ಜಂಬಿಟ್ಟಿಗೆ ಅಂದರೆ ತೂತು ತೂತಿನ ಕಲ್ಲು. ಮಳೆ ನೀರನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಅದರ ಕೆಳಗೆ ಜೇಡಿ, ಅದರ ಕೆಳಗೆ ಕರಿಕಲ್ಲು. ಕುಡಿದ ನೀರು ಜೇಡಿ ದಾಟಲಾರದೆ ಗುಡ್ಡದ ಅಂಚಿನಲ್ಲಿ ಹೊರಗೆ ಬರುತ್ತದೆ. ಗುರುನಾನಕ್ ಝೀರಾ, ಪಾಪನಾಶ, ಎದೆಮಟ್ಟದ ನೀರಿನಲ್ಲಿ ನಡೆದು ಹೋಗುವ ಝರಣಿ ನರಸಿಂಹ, ಎಲ್ಲವೂ ಇಂಥ ನೀರೇ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದ್ ಕಡೆ ಕರೇಜ್ ಕೊರೆದವರು ಹಿಡಿದದ್ದೂ ಇದೇ ನೀರನ್ನ. ನೆಲದೊಳಗೆ ಸುರಂಗ, ಮಧ್ಯೆ ಮಧ್ಯೆ ಮೇಲಕ್ಕೆ ಬಾವಿಯಂಥ ಕಿಂಡಿ. ಮೋಟರ್ ಇಲ್ಲ, ಕರೆಂಟ್ ಇಲ್ಲ. ನನ್ನಂಥವನಿಗೆ ಅಲ್ಲಿ ಒಂದು ರೂಪಾಯಿ ದಂಧೆ ಇರುತ್ತಿರಲಿಲ್ಲ.

ನಮ್ಮ ಹಳ್ಳದ ಝರಿ ಸಣ್ಣದು, ಹೆಸರಿಲ್ಲ. ಆದರೆ ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಕಿತ್ತಳೆ ಹಣ್ಣು ತೇಲಿಬಿಟ್ಟು ಅಳೆದೆವು. ಫೆಬ್ರವರಿಯಲ್ಲಿ ಹಳ್ಳದ ಅಗಲ ಮೂರೂವರೆ ಮೀಟರ್, ಆಳ ನಾಲ್ಕು ಸೆಂಟಿಮೀಟರ್. ತೀರಾ ತೆಳು ಇದ್ದ ಕಡೆ ಹಣ್ಣು ತಳಕ್ಕೆ ತಾಗುತ್ತಿತ್ತು, ಕೊನೆಗೆ ಅದರ ಸಿಪ್ಪೆ ಬಿಟ್ಟೆವು. 5 ಮೀಟರ್ ದಾಟಲು ಸುಮಾರು 100 ಸೆಕೆಂಡ್. ಮೇಲಿನ ನೀರು ತಳದ ನೀರಿಗಿಂತ ಜೋರು ಓಡುತ್ತದೆ, ಅದಕ್ಕೆ ಬಂದ ಲೆಕ್ಕವನ್ನು 0.8ರಿಂದ ಗುಣಿಸಬೇಕು. ಉತ್ತರ ಸೆಕೆಂಡಿಗೆ ಐದೂವರೆ ಲೀಟರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೂರು ಇಂಚಿನ ಪೈಪ್ ತುಂಬ ನೀರು, ಹಗಲು ರಾತ್ರಿ, ಬಿಲ್ ಇಲ್ಲದೆ.

ನೀರು ಕಮ್ಮಿಯಾಗಿರಲಿಲ್ಲ. ಹಳ್ಳ ಅಗಲ ಆಗಿತ್ತು. ಅದಕ್ಕೆ ಎರಡು ಕಾರಣ. ಹಿಂದೆ ಯಾರೋ ಹೂಳು ತೆಗೆಸುತ್ತೇವೆ ಅಂತ ಜೆಸಿಬಿ ಬಿಟ್ಟು ತಳವನ್ನು ರಸ್ತೆಯ ಹಾಗೆ ಸಪಾಟು ಮಾಡಿದ್ದರು. ಇದ್ದಬದ್ದ ಕಲ್ಲು, ಬೇರು ಎಲ್ಲ ದಂಡೆಯ ಮೇಲೆ ರಾಶಿ. ಇನ್ನೊಂದು ದನ. ಎಲ್ಲಿ ಬೇಕೋ ಅಲ್ಲಿ ಇಳಿದು ದಂಡೆ ತುಳಿದು ಕೆಡವುತ್ತಿದ್ದವು.

ನಾವು ಏಳು ಜನ. ಒಬ್ಬ ಗೌಂಡಿ ಗೆಳೆಯ, ಒಬ್ಬರು ಸಾಲೆ ಮಾಸ್ತರು, ಮೂವರು ಕಾಲೇಜು ಹುಡುಗರು, ಹೊಲದ ಗೆಳೆಯ, ನಾನು. ಎಲ್ಲರ ಮೊದಲ ಮಾತು ಒಂದೇ: ಬಂದಾರ ಕಟ್ಟೋಣ. ನಮ್ಮ ಕಡೆ ನೀರು ಅಂದರೆ ನಿಂದ್ರಿಸಬೇಕು, ಅಷ್ಟೇ. ಓಡುವ ನೀರು ಕಂಡರೆ ನಮಗೆ ದುಡ್ಡು ಸೋರಿದ ಹಾಗೆ ಅನಿಸುತ್ತದೆ.

ಮಾಸ್ತರು ಒಂದು ವಿಡಿಯೊ ತೋರಿಸಿದರು. ಅಮೆರಿಕದಲ್ಲಿ ಮೊಣಕಾಲ ನೀರಿನಲ್ಲಿ ನಿಂತ ಮುದುಕರು, ಹುಡುಗಿಯರು, ಕಲ್ಲು ಹೊರುತ್ತಿದ್ದರು. ಟ್ರೌಟ್ ಮೀನಿನ ಹಳ್ಳ ಸರಿ ಮಾಡುವವರು. ಸಂಬಳ ಇಲ್ಲ, ರಜೆ ದಿನದ ಕೆಲಸ. ಇದರ ಹಿಂದೆ ದೊಡ್ಡ ಕತೆ ಇದೆ. 1959ರಲ್ಲಿ ಮಿಶಿಗನ್ ರಾಜ್ಯದ ಓ ಸೇಬಲ್ ನದಿಯ ದಂಡೆಯ ಮೇಲೆ 16 ಜನ ಗಾಳ ಹಾಕುವವರು ಸೇರಿ ಟ್ರೌಟ್ ಅನ್‌ಲಿಮಿಟೆಡ್ ಅಂತ ಸಂಘ ಶುರು ಮಾಡಿದರು. ಸರ್ಕಾರ ತೊಟ್ಟಿಯಲ್ಲಿ ಬೆಳೆಸಿದ ಮೀನು ತಂದು ನದಿಗೆ ಸುರಿಯುತ್ತಿತ್ತು, ಜನ ಹಿಡಿದು ಒಯ್ಯುತ್ತಿದ್ದರು. ಇವರು ಬೇಡ ಅಂದರು. ನದಿ ನೆಟ್ಟಗಿದ್ದರೆ ಮೀನು ತಾನೇ ಹುಟ್ಟುತ್ತದೆ ಅನ್ನುವುದು ಇವರ ವಾದ. ಇಂಗ್ಲೆಂಡಿನಲ್ಲೂ ಇಂಥ ಸಂಘಗಳಿವೆ.

ಟ್ರೌಟ್ ನಖರಾ ಮೀನು. ಅದಕ್ಕೆ ತಣ್ಣೀರೇ ಬೇಕು, ಯಾಕಂದರೆ ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. 10 ಡಿಗ್ರಿಯ ನೀರಿನಲ್ಲಿ ಲೀಟರಿಗೆ 11 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಹೆಣ್ಣು ಮೀನು ಬಾಲದಿಂದ ಗರಸು ಕೆದರಿ ಒಳಗೆ ಮೊಟ್ಟೆ ಇಡುತ್ತದೆ. ಆ ಹರಳುಗಳ ಸಂದಿಯಲ್ಲಿ ನೀರು ಹರಿಯುತ್ತಲೇ ಇರಬೇಕು. ರಾಡಿ ಕೂತರೆ ಮೊಟ್ಟೆ ಉಸಿರು ಕಟ್ಟಿ ಸಾಯುತ್ತವೆ. ಹಾಗಾಗಿ ಆ ಜನ ನೀರು ನಿಲ್ಲಿಸುವುದಿಲ್ಲ. ಹಳ್ಳವನ್ನು ಬಿಗಿ ಮಾಡಿ ಓಡಿಸುತ್ತಾರೆ. ಇಕ್ಕಟ್ಟಿನಲ್ಲಿ ಓಡುವ ನೀರು ರಾಡಿ ತೊಳೆಯುತ್ತದೆ, ಆಳ ತೋಡಿಕೊಳ್ಳುತ್ತದೆ, ಬಿಸಿಲಿಗೆ ಕಮ್ಮಿ ಮೈ ಒಡ್ಡುತ್ತದೆ.

ನೀಲಗಿರಿಗೆ, ಮುನ್ನಾರಿಗೆ ಬ್ರಿಟಿಷರು ಟ್ರೌಟ್ ತಂದು ಬಿಟ್ಟರು, ಅಲ್ಲಿ ಚಳಿ ಇದೆ, ಬದುಕಿತು. ಬೀದರ್‌ನಲ್ಲಿ? ನಮ್ಮ ಝರಿಯ ಬಾಯಲ್ಲಿ ಮೀನಿನ ತೊಟ್ಟಿಯ ಥರ್ಮಾಮೀಟರ್ ಇಟ್ಟೆ. 27 ಡಿಗ್ರಿ. ಟ್ರೌಟ್‌ಗೆ 25ರ ಹೊತ್ತಿಗೇ ಜೀವಕ್ಕೆ ಕುತ್ತು ಬರುತ್ತದೆ. ನಮ್ಮ ಅತಿ ತಣ್ಣನೆಯ ನೀರು ಅದಕ್ಕೆ ಕಾಯಿಸಿದ ನೀರು! ಮೀನು ಅವರದೇ ಇರಲಿ, ಕಲ್ಲು ಇಡುವ ವಿದ್ಯೆ ತರೋಣ ಅಂದುಕೊಂಡೆವು.

ಪಂಚಾಯತಿಗೆ ಒಂದು ಅರ್ಜಿ ಕೊಟ್ಟೆವು. ಸಿಮೆಂಟ್ ಇಲ್ಲ, ಬಿಲ್ ಇಲ್ಲ ಅಂದಾಗ ಅವರಿಗೆ ಸ್ವಲ್ಪ ಅನುಮಾನ ಬಂತು. ಆಮೇಲೆ ಒಪ್ಪಿದರು.

ಕಲ್ಲಿನ ವಿಷಯ. ಹಳ್ಳದೊಳಗಿನ ಕಲ್ಲು ಎತ್ತಬಾರದು, ಅದು ಹುಳ ಹುಪ್ಪಟೆಯ ಮನೆ. ರೈತರು ಹೊಲದಿಂದ ಆರಿಸಿ ಬದುವಿಗೆ ಹಾಕಿದ ಕರಿಕಲ್ಲು ಬೇಕಾದಷ್ಟಿತ್ತು. ಕೇಳಿ ತಂದೆವು. ಜಂಬಿಟ್ಟಿಗೆ ಬೇಡ ಅಂದ ಗೌಂಡಿ. ಗೋಡೆಗೆ ಚಲೋ, ಹೊಳೆಗೆ ಹಗುರ. ಒಬ್ಬನೇ ಎತ್ತಬಹುದಾದ ಕಲ್ಲನ್ನು ಮೊದಲ ಮಳೆಯೂ ಎತ್ತುತ್ತದೆ, ಇದು ಅವನ ಲೆಕ್ಕ. ಇಬ್ಬರು ಹಿಡಿದರೆ ಮಾತ್ರ ಅಲುಗುವಂಥದ್ದು ತೋಳಿಗೆ, ಉಳಿದದ್ದು ಸಂದಿಗೆ.

ತೋಳು ಅಂದರೆ ದಂಡೆಯಿಂದ ನೀರಿನೊಳಗೆ ಚಾಚಿದ ಕಲ್ಲಿನ ಸಾಲು. ಹಳ್ಳದ ಅಗಲದ ಮೂರನೇ ಒಂದು ಭಾಗ ಮಾತ್ರ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಸಹಜವಾಗಿ ಹರಿಯುವ ಹಳ್ಳದಲ್ಲಿ ಅಗಲದ ಐದರಿಂದ ಏಳು ಪಟ್ಟು ದೂರಕ್ಕೆ ಒಂದೊಂದು ಮಡು ಬೀಳುತ್ತದೆ. ಅದೇ ಲೆಕ್ಕ ಹಿಡಿದು ಸುಮಾರು 20 ಮೀಟರಿಗೆ ಒಂದರಂತೆ ಐದು ತೋಳಿಗೆ ಗೂಟ ಹೊಡೆದೆವು. ಮಾರ್ಚಿನಿಂದ ಮೇ ಕೊನೆಯವರೆಗೆ, ಭಾನುವಾರ ಬೆಳಿಗ್ಗೆ ಆರರಿಂದ ಹತ್ತು. ಹತ್ತಾದ ಮೇಲೆ ಕಲ್ಲು ಮುಟ್ಟಿದರೆ ಕೈ ಸುಡುತ್ತದೆ.

ತೋಳಿನ ತುದಿ ಯಾವ ಕಡೆ ಇರಬೇಕು? ಇಲ್ಲಿ ನಾವು ಜಾಣರಾದೆವು. ವಿಡಿಯೊದಲ್ಲಿ ತುದಿ ನೀರು ಬರುವ ಕಡೆಗೆ, ಮೇಲಕ್ಕೆ ಇತ್ತು. ನನಗೆ ಅದು ಉಲ್ಟಾ ಅನಿಸಿತು. ಎದುರಿಗೆ ಕೈ ಚಾಚಿದರೆ ನೀರು ಗುದ್ದುವುದಿಲ್ಲವೇ? ಕೆಳಕ್ಕೆ ಓರೆ ಇಟ್ಟರೆ ನೀರು ಜಾರಿಕೊಂಡು ಹೋಗುತ್ತದೆ, ಸಲೀಸು. ಎಲ್ಲರೂ ಹೂಂ ಅಂದರು. ಐದೂ ತೋಳನ್ನು ಕೆಳಕ್ಕೆ ಓರೆ ಮಾಡಿ ಕಟ್ಟಿದೆವು. ಫೋಟೊ ತೆಗೆದೆವು. ನೋಡಲು ಚಂದವೇ ಇತ್ತು.

ಜುಲೈಯಲ್ಲಿ ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋದರೆ ತೋಳುಗಳು ಇದ್ದಲ್ಲೇ ಇವೆ. ಎರಡನೇ ಮತ್ತು ನಾಲ್ಕನೇ ತೋಳಿನ ಬೆನ್ನಿಗೆ ದಂಡೆಯೇ ಇಲ್ಲ. ನಾಲ್ಕನೇದರ ಹತ್ತಿರ ಹಳ್ಳ ಕಾಕಾ ಒಬ್ಬರ ಹೊಲಕ್ಕೆ ನುಗ್ಗಿ ಎರಡು ಸಾಲು ತೊಗರಿ ಒಯ್ದಿತ್ತು. ಕಾಕಾ ಅಲ್ಲೇ ನಿಂತಿದ್ದರು.

"ನಿಮಗ ಹಳ್ಳ ಕಟ್ಟ ಅಂದವ್ರು ಯಾರ್ ತಮ್ಮಾ? ಅದು ಸುಮ್ನ ಹೊಂಟಿತ್ತು, ನೀವು ಕೈ ಮಾಡಿ ನಮ್ ಹೊಲ ತೋರ್ಸೀರಿ."

ಏನು ಹೇಳುವುದು? ತಪ್ಪಾಯ್ತು ಕಾಕಾ ಅಂದೆವು. ದಂಡೆಗೆ ಮಣ್ಣಿನ ಚೀಲ ಇಟ್ಟುಕೊಟ್ಟೆವು. ತೊಗರಿ ದುಡ್ಡು ಅವರು ಮುಟ್ಟಲಿಲ್ಲ. ತಗೊಂಡಿದ್ದರೆ ನಮಗೆ ಸ್ವಲ್ಪ ಹಗುರ ಆಗುತ್ತಿತ್ತು.

ಆ ವಾರ ಅಂಗಡಿ ಮುಚ್ಚಿದ ಮೇಲೆ ಗೌಂಡಿ ಬಂದ. ಮೋಟರ್ ಅದ್ದುವ ವಾರ್ನಿಶ್ ಟ್ರೇ ತೊಳೆದು, ಒಂದು ಕಡೆ ಇಟ್ಟಿಗೆ ಚೂರು ಕೊಟ್ಟು ಓರೆ ಮಾಡಿದೆವು. ತಳಕ್ಕೆ ಮರಳು. ಒಂದು ಪಟ್ಟಿ ಕಲ್ಲನ್ನು ತೋಳಿನ ಹಾಗೆ ಇಟ್ಟು, ಪೈಪ್ ನೀರು ಬಿಟ್ಟು, ತೊಗರಿ ಹೊಟ್ಟು ಉದುರಿಸಿದೆವು. ನೀರು ಕಲ್ಲಿನ ಪಕ್ಕದಲ್ಲಿ ಹೋಗುವಾಗ ನಾನು ಹೇಳಿದ್ದೇ ಸರಿ, ಸಲೀಸಾಗಿ ಜಾರಿತು. ಪೈಪ್ ಜೋರು ಮಾಡಿದೆ. ನೀರು ಕಲ್ಲಿನ ಮೇಲೆ ಹತ್ತಿತು. ಹೊಟ್ಟು ಸೀದಾ ದಂಡೆಗೆ ಹೋಗಿ ಬಡಿಯಿತು!

ಕಲ್ಲು ದಾಟಿ ಬೀಳುವ ನೀರು ಆ ಕಲ್ಲಿನ ಸಾಲಿಗೆ ಕಾಟಕೋನದಲ್ಲಿ ಬೀಳುತ್ತದೆ. ನಮ್ಮ ಗೌಂಡಿಗಳ ಮಾತು, ಕಾಟಕೋನ ಅಂದರೆ 90 ಡಿಗ್ರಿ. ತುದಿ ಕೆಳಕ್ಕಿದ್ದರೆ ಕಾಟಕೋನ ದಂಡೆಯ ಕಡೆ ತಿರುಗುತ್ತದೆ. ತುದಿ ಮೇಲಕ್ಕಿದ್ದರೆ ಹಳ್ಳದ ನಡುವಿಗೆ ತಿರುಗುತ್ತದೆ. ಬೇಸಿಗೆಯ ನೀರು ನೋಡಿ ನಾನು ಲೆಕ್ಕ ಹಾಕಿದ್ದೆ. ಕಲ್ಲು ಮುಳುಗುವ ದಿನದ್ದು ಬೇರೆಯೇ ಲೆಕ್ಕ. ಕಲ್ಲು ತಿರುಗಿಸಿ ಇಟ್ಟೆವು. ಹೊಟ್ಟು ನಡುವೆ ಕೂಡಿಕೊಂಡು ಸಾಲು ಹಿಡಿದು ಓಡಿತು, ಮರಳಿನಲ್ಲಿ ಸಣ್ಣ ಗುಂಡಿ ಬಿತ್ತು. ಗೌಂಡಿ ಟ್ರೇ ನೋಡುತ್ತಾ ಒಂದು ಬೀಡಿ ಪೂರ್ತಿ ಸೇದಿದ, ಏನೂ ಅನ್ನಲಿಲ್ಲ.

ನವೆಂಬರಿನಲ್ಲಿ ಐದೂ ತೋಳು ಬಿಚ್ಚಿದೆವು. ಕಟ್ಟುವುದಕ್ಕಿಂತ ಬಿಚ್ಚುವುದು ತ್ರಾಸು, ಮೋಟರ್ ವೈಂಡಿಂಗ್ ಹಾಗೇ. ಈ ಸಲ ತುದಿ ಮೇಲಕ್ಕೆ, ದಂಡೆಯಿಂದ 30 ಡಿಗ್ರಿಗಿಂತ ಜಾಸ್ತಿ ತೆರೆಯದ ಹಾಗೆ. ಬುಡ ದಂಡೆಯೊಳಗೆ ಎರಡು ಅಡಿ ಹೂತು. ಬುಡದ ಹತ್ತಿರ ಎತ್ತರ, ತುದಿಗೆ ಹೋಗುತ್ತಾ ಇಳಿದು ತಳಕ್ಕೆ ಸಮ. ಪ್ರತಿ ಕಲ್ಲಿನ ಮೂರರಲ್ಲಿ ಒಂದು ಪಾಲು ನೆಲದೊಳಗೆ. ಇಳಿಜಾರನ್ನು ಗೌಂಡಿ ತನ್ನ ಲೆವೆಲ್ ಪೈಪಿನಿಂದ ನೋಡಿದ. ಮನೆ ಪಾಯಕ್ಕೆ ಹಿಡಿಯುವ ಪಾರದರ್ಶಕ ಪೈಪ್, ಒಳಗೆ ನೀರು, ಅಷ್ಟೇ. ಇದಕ್ಕಿಂತ ಒಳ್ಳೆಯ ಯಂತ್ರ ಬೇಡ.

ರಾಡಿ ಎಲ್ಲಿಂದ ಬರುತ್ತದೆ ಅಂತ ಮಳೆಗಾಲದಲ್ಲೇ ನೋಡಿಟ್ಟಿದ್ದೆವು. ಪಕ್ಕದ ಒಂದು ಕೊರಕಲು, ಮೇಲಿನ ಮೊರಂ ನೆಲದಿಂದ ಕೆಂಪು ನೀರು ತರುತ್ತದೆ. ಅಲ್ಲಿ ಒಂಟಿ ಕಲ್ಲಿನ ಕಟ್ಟೆ ಹಾಕಿದೆವು. ಇದೂ ಅಮೆರಿಕದ ಒಣ ನಾಡಿನವರ ಉಪಾಯ. ಎತ್ತರ ಒಂದೇ ಕಲ್ಲಿನದು, ಕಲ್ಲಿನ ಮೇಲೆ ಕಲ್ಲು ಇಡುವಂತಿಲ್ಲ. ಆದರೆ ನೀರಿನ ದಾರಿಯುದ್ದಕ್ಕೂ ನಾಲ್ಕೈದು ಸಾಲು ಒತ್ತಿ ಒತ್ತಿ ಜೋಡಿಸಬೇಕು. ನೋಡಿದರೆ ಕಟ್ಟೆ ಅನ್ನಿಸುವುದೇ ಇಲ್ಲ, ಅಂಗಳಕ್ಕೆ ಹಾಸಿದ ಹಾಗೆ. ನೀರು ಮೇಲಿಂದ ಹೋಗುತ್ತದೆ, ಮಣ್ಣು ಹಿಂದೆ ಕೂರುತ್ತದೆ, ಹುಲ್ಲು ಬರುತ್ತದೆ. ಎತ್ತರ ಕಟ್ಟಿದ್ದರೆ ನೀರು ಧುಮುಕಿ ಬುಡ ಕೊರೆಯುತ್ತಿತ್ತು. ಇಂಥವು ಒಂಬತ್ತು ಹಾಕಿದೆವು. ಎರಡು ಕಿತ್ತು ಹೋದವು. ಅವುಗಳಲ್ಲಿ ಕಾಲೇಜು ಹುಡುಗರು ಚಂದ ಕಾಣಲಿ ಅಂತ ಎರಡನೇ ವರಸೆ ಏರಿಸಿದ್ದರು.

ದಂಡೆಗೆ ಆ ದೇಶಗಳಲ್ಲಿ ವಿಲ್ಲೊ ಕಡ್ಡಿ ಚುಚ್ಚುತ್ತಾರೆ. ನಮಗೆ ಲಕ್ಕಿ ಗಿಡ ಇದೆಯಲ್ಲ. ದನ ತಿನ್ನುವುದಿಲ್ಲ, ಕಡ್ಡಿ ಚುಚ್ಚಿದರೆ ಚಿಗುರುತ್ತದೆ, ಬೇರು ಮಣ್ಣು ಹಿಡಿಯುತ್ತದೆ. ಹೆಬ್ಬೆರಳು ದಪ್ಪದ ಕಡ್ಡಿ ಕಡಿದು, ಅರ್ಧಕ್ಕಿಂತ ಜಾಸ್ತಿ ನೆಲದೊಳಗೆ ಹೋಗುವ ಹಾಗೆ ಚುಚ್ಚಿದೆವು. ನಡುವೆ ಲಾವಂಚ. ಬೇಷರಮ್ ಗಿಡ ಕಿತ್ತದ್ದು ಬೇರೆ ಕತೆ. ಕಿತ್ತ ತುಂಡು ದಂಡೆಯ ಮೇಲೆ ಬಿಟ್ಟರೆ ಮುಂದಿನ ವಾರ ಅಲ್ಲೇ ಬೇರು. ಹೆಸರಿಟ್ಟವರಿಗೆ ನಮಸ್ಕಾರ.

ದನದ ವಿಷಯ ಕಾಕಾ ಇಲ್ಲದೆ ಬಗೆಹರಿಯುತ್ತಿರಲಿಲ್ಲ. ಟ್ರೌಟ್ ಹಳ್ಳಗಳಲ್ಲಿ ಬೇಲಿ ಹಾಕುತ್ತಾರೆ. ಇಲ್ಲಿ ಬೇಲಿ ಹಾಕಿದರೆ ಮಾರನೇ ದಿನ ತಂತಿ ಇರುವುದಿಲ್ಲ, ಇರಲೂಬಾರದು. ದನಕ್ಕೆ ನೀರು ಬೇಡವೇ? ಮೂರನೇ ತೋಳಿನ ಕೆಳಗೆ ಗಟ್ಟಿ ನೆಲ ಇತ್ತು. ಅಲ್ಲಿ ಕಲ್ಲು ಹಾಸಿ ಅಗಲವಾದ ಇಳಿಜಾರು ಮಾಡೋಣ, ಒಂದೇ ಕಡೆ ಇಳಿಯಲಿ ಅಂದೆವು. ಕಾಕಾ ಬಂದು ನೋಡಿದರು.

"ಇಷ್ಟ್ ಕಡಿದಿದ್ರ ಎತ್ತಿನ ಕಾಲ್ ಜಾರ್ತದ. ಕಲ್ಲ ಅಡ್ಡಡ್ಡ ಇಡ್ರಿ, ಗೊರಸಿಗಿ ಹಿಡಿತ ಸಿಗಬೇಕು."

ಅವರು ಹೇಳಿದ ಹಾಗೆ ಕಿತ್ತು ಮತ್ತೆ ಹಾಕಿದೆವು. ದನ ತಾವಾಗಿಯೇ ಆ ದಾರಿ ಹಿಡಿದವು. ರಾಡಿಗಿಂತ ಕಲ್ಲೇ ಅವಕ್ಕೂ ಹಿತ.

ನಡುವೆ ಒಬ್ಬರು ಉದಾರಿಗಳು ಬಂದು, ಕ್ಯಾಟ್‌ಫಿಶ್ ಮರಿ ಕೊಡಿಸುತ್ತೇನೆ, ಹಳ್ಳಕ್ಕೆ ಬಿಡಿ ಅಂದರು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ನಮ್ಮ ದೇಶದಲ್ಲಿ 2000ದಲ್ಲೇ ನಿಷೇಧಿಸಿದ್ದಾರೆ. ಅದು ಇದ್ದ ನೀರಿನಲ್ಲಿ ಬೇರೆ ಮೀನು ಉಳಿಯುವುದು ಕಷ್ಟ. ಕೈ ಮುಗಿದು ಬೇಡ ಅಂದೆವು. ಅವರಿಗೆ ಸಿಟ್ಟು ಬಂತು.

ಎರಡನೇ ಮಳೆಗಾಲಕ್ಕೆ ನನಗೆ ನಿದ್ದೆ ಇರಲಿಲ್ಲ. ಜುಲೈಯಲ್ಲಿ ಅಂಥದ್ದೇ ಮಳೆ ಬಂತು. ಬೆಳಿಗ್ಗೆ ಬೈಕ್ ಹತ್ತಿ ಸೀದಾ ನಾಲ್ಕನೇ ತೋಳಿಗೆ ಹೋದೆ. ದಂಡೆ ಇತ್ತು. ತೊಗರಿ ಇತ್ತು. ತುದಿಯ ಒಂದು ಕಲ್ಲು ಮಾತ್ರ ಒಂದು ಗೇಣು ಕುಸಿದಿತ್ತು, ಯಾಕಂದರೆ ಅದರ ಮುಂದೆ ಮೊಣಕಾಲ ಮಟ್ಟದ ಮಡು ಬಿದ್ದಿತ್ತು. ತಳಕ್ಕೆ ಕೈ ಹಾಕಿದೆ. ರಾಡಿ ಇಲ್ಲ, ಹರಳು.

ಈ ಫೆಬ್ರವರಿಯಲ್ಲಿ ಮತ್ತೆ ಕಿತ್ತಳೆ ಬಿಟ್ಟೆವು, ಮಡುಗಳನ್ನು ಬಿಟ್ಟು ಓಡುವ ಜಾಗದಲ್ಲಿ. ತೋಳುಗಳ ಬೆನ್ನಿಗೆ ಮಣ್ಣು ಕೂತು ಜೇಕು ಬೆಳೆದಿದೆ, ಹಾಗಾಗಿ ನೀರಿನ ಅಗಲ 1.2 ಮೀಟರಿಗೆ ಇಳಿದಿದೆ. ಆಳ 8 ಸೆಂಟಿಮೀಟರ್. 5 ಮೀಟರಿಗೆ 70 ಸೆಕೆಂಡ್. ಗುಣಿಸಿ ನೋಡಿದರೆ ನೀರು ಹೆಚ್ಚೂ ಕಡಿಮೆ ಅಷ್ಟೇ, ಐದೂವರೆ ಲೀಟರ್. ಒಂದು ಹನಿಯೂ ನಾವು ಹೆಚ್ಚು ಮಾಡಿಲ್ಲ. ಏಪ್ರಿಲ್ ಮಧ್ಯಾಹ್ನ ಮೂರಕ್ಕೆ, ಝರಿಯಿಂದ 300 ಮೀಟರ್ ಕೆಳಗೆ, ಮೊದಲು 34 ಡಿಗ್ರಿ ಇದ್ದದ್ದು ಈಗ 31. ಎರಡು ಏಪ್ರಿಲ್‌ಗಳ ಬಿಸಿಲು ಒಂದೇ ಇರಲಿಲ್ಲ ಅಂತ ಮಾಸ್ತರು ತಕರಾರು ತೆಗೆದಿದ್ದಾರೆ. ಇರಲಿ, ಅವರು ವಿಜ್ಞಾನದ ಮಾಸ್ತರು.

ಹುಳ ಎಣಿಸುವುದನ್ನೂ ಅವರೇ ಕಲಿಸಿದ್ದು. ಇಂಗ್ಲೆಂಡಿನ ಸ್ವಯಂಸೇವಕರು ಮೂರು ನಿಮಿಷ ತಳವನ್ನು ಕಾಲಿನಿಂದ ಕೆದರಿ, ಕೆಳಗೆ ಬಲೆ ಹಿಡಿದು, ಬಂದ ಹುಳ ಎಣಿಸುತ್ತಾರೆ. ನಾವು ಹಳೆಯ ಸೊಳ್ಳೆ ಪರದೆ ಕತ್ತರಿಸಿ ಬಲೆ ಮಾಡಿದೆವು. ಮೊದಲ ವರ್ಷ ಬರೀ ಕೆಂಪು ಎಳೆಹುಳ. ಉಸಿರಾಟಕ್ಕೆ ಗತಿ ಇಲ್ಲದ ರಾಡಿಯಲ್ಲೂ ಅವು ಬದುಕುತ್ತವೆ, ಮೈಯಲ್ಲಿ ನಮ್ಮ ಹಾಗೆ ಕೆಂಪು ರಕ್ತದ ಬಣ್ಣ ಇರುವುದೇ ಅದಕ್ಕೆ. ಈ ವರ್ಷ ಬಿಳಿ ಟ್ರೇಯಲ್ಲಿ ಬಾಲಕ್ಕೆ ಮೂರು ಎಳೆ ಇರುವ ಮೇಫ್ಲೈ ಮರಿ ಕಂಡವು, ಕೊಡತಿ ಹುಳದ ಮರಿ, ಉಗುರಿನಷ್ಟು ಏಡಿ. ಎರಡನೇ ತೋಳಿನ ಕಲ್ಲಿಗೆ ಬಾಯಿ ಒತ್ತಿ ಅಂಟಿಕೊಂಡ ಗಾರಾ ಮೀನು ಹನ್ನೊಂದು. ನಾವು ತಂದು ಬಿಟ್ಟದ್ದಲ್ಲ. ಕೆಳಗಿನ ಯಾವುದೋ ಮಡುವಿನಿಂದ ಮಳೆ ನೀರಿಗೆ ಎದುರು ಹತ್ತಿ ಬಂದಿರಬೇಕು. ಸೊಂಟದ ಮಟ್ಟದ ಮಡು ಮಾತ್ರ ಇನ್ನೂ ಇಲ್ಲ. ಗೆಳೆಯ ನೆನಪಿಸುತ್ತಲೇ ಇರುತ್ತಾನೆ.

ಖರ್ಚು: ಎರಡು ಹಾರೆ, ಹಗ್ಗ, ಚಪ್ಪಲಿ. ಚಪ್ಪಲಿಯೇ ಜಾಸ್ತಿ. ಮಾಸ್ತರರ ಒಂದು ಬೆರಳಿನ ಉಗುರು ಹೋಯಿತು.

ಮೊನ್ನೆ ಕಾರ ಹುಣ್ಣಿಮೆ. ಎತ್ತು ತೊಳೆಯಲು ಕಾಕಾ ಇಳಿಜಾರಿನಲ್ಲಿ ಇಳಿದಿದ್ದರು, ಕೊಂಬಿಗೆ ಆಗಲೇ ಬಣ್ಣ ಆಗಿತ್ತು. ನಾವು ಕುಸಿದ ತುದಿ ಕಲ್ಲನ್ನು ಎಬ್ಬಿಸಿ ಕೂರಿಸುತ್ತಿದ್ದೆವು. ಎತ್ತಿನ ಬೆನ್ನು ತಿಕ್ಕುತ್ತಲೇ ಕೂಗಿದರು.

"ಕೆಳಗ ನಮ್ ತಮ್ಮನ ಹೊಲದ ಬಾಜೂಕ ಒಂದ್ ಹಾಕ್ರಿ. ಅಲ್ಲಿ ದಂಡಿ ಭಾಳ ಕಡಿಲಾಕತ್ತದ."

ಆಯ್ತು ಕಾಕಾ ಅಂದೆ.

"ಮೂತಿ ಮ್ಯಾಲಕ್ಕ ಇರ್ಲಿ ಮತ್ತ."